ಕೂಸಿಗೆ ಕೊಟ್ಟ ಸ್ಟೀರಾಯ್ಡ್, ಮನೆಯಲ್ಲಿ ನಡೆಯುತ್ತಿರುವ ಆಕ್ಸಿಜನ್ ಮತ್ತು ಹೃದಯದ ಭಯ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸೇಡಂ ಹತ್ತಿರದ ಹಳ್ಳಿ. ನನಗೆ 28 ವಾರಕ್ಕೇ ಹೆರಿಗೆ ಆಯಿತು. ಹೆರಿಗೆಗೆ ಮುಂಚೆ ಕೂಸಿನ ಉಸಿರಿಗೆ ಅಂತ ನನಗೆ ಇಂಜೆಕ್ಷನ್ ಕೊಟ್ಟಿದ್ದರು. ಮಗ ಹುಟ್ಟಿದಾಗ 1 ಕಿಲೋ 50 ಗ್ರಾಂ. ಕಲಬುರಗಿಯಲ್ಲಿ ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಇಟ್ಟಿದ್ದರು. ಮೂರು ವಾರ ಆದರೂ ವೆಂಟಿಲೇಟರ್ ಬಿಡಿಸಲು ಆಗಲಿಲ್ಲ, ಆಮೇಲೆ 10 ದಿನ ಡೆಕ್ಸಾ ಅನ್ನುವ ಸ್ಟೀರಾಯ್ಡ್ ಕೊಟ್ಟರು. ಆಗ ಬಿಪಿ ಏರಿತ್ತು, ಎಕೋದಲ್ಲಿ ಹೃದಯದ ಗೋಡೆ ದಪ್ಪ ಆಗಿದೆ ಅಂದರು. ಈಗ ಮಗನಿಗೆ ಐದು ತಿಂಗಳು. ಮನೆಯಲ್ಲಿ ಮಷೀನಿನಿಂದ ಕಾಲು ಲೀಟರ್ ಆಕ್ಸಿಜನ್ ನಡೆಯುತ್ತಿದೆ. ರೂಢಿ ಆಗಿಬಿಟ್ಟರೆ ಜೀವನಪೂರ್ತಿ ಬೇಕಾಗುತ್ತೆ, ತೆಗೆದುಬಿಡಿ ಅಂತಾರೆ ಮಾವ. ಸ್ಟೀರಾಯ್ಡ್ ಕೊಟ್ಟ ಮಕ್ಕಳಿಗೆ 30 ವರ್ಷಕ್ಕೇ ಹಾರ್ಟ್ ಅಟ್ಯಾಕ್ ಆಗುತ್ತೆ ಅಂತ ಸಂಬಂಧಿಕರೊಬ್ಬರು ಹೇಳಿದರು. ನನ್ನ ನಾದಿನಿಗೆ ಅವಳಿ ಗರ್ಭ, ಅವಳಿಗೂ ಅದೇ ಇಂಜೆಕ್ಷನ್ ಬೇಕಾಗಬಹುದು ಅಂದಿದ್ದಾರೆ. ನಮ್ಮ ಕಥೆ ನೋಡಿ ಅವಳು ಬೇಡ ಅಂತಿದ್ದಾಳೆ. ಏನು ಮಾಡಲಿ?

ಉತ್ತರ:

ತಂಗಿ, ಮೊದಲು ಒಂದು ಕೆಲಸ ಮಾಡಿ. ಆಕ್ಸಿಜನ್ ನಳಿಗೆ ಕೂಸಿನ ಮೂಗಿನಲ್ಲಿ ಇದೆಯೇ ನೋಡಿ. ಯಾರಾದರೂ ತೆಗೆದಿದ್ದರೆ ಈಗಲೇ ಹಾಕಿ, ಆಮೇಲೆ ಮುಂದೆ ಓದಿ. ನೀವು ಕೇಳಿದ್ದರಲ್ಲಿ ತಡ ಮಾಡಬಾರದ ವಿಷಯ ಇದೊಂದೇ. ನಿಮ್ಮ ಮಗನ ಹೃದಯಕ್ಕೆ ಈ ಹೊತ್ತಿನ ಅಪಾಯ ಅವತ್ತು ಕೊಟ್ಟ ಸ್ಟೀರಾಯ್ಡಿನಿಂದ ಅಲ್ಲ, ಇವತ್ತು ಆಕ್ಸಿಜನ್ ಕಡಿಮೆ ಬಿದ್ದರೆ ಅದರಿಂದ.

ರೂಢಿ ಆಗುತ್ತೆ ಅನ್ನುವ ಮಾತು ನಮ್ಮ ಕಡೆ ತುಂಬಾ ಮನೆಗಳಲ್ಲಿ ಇದೆ. ಹಿರಿಯರು ಕೂಸಿನ ಮೇಲಿನ ಕಾಳಜಿಯಿಂದಲೇ ಹೇಳುತ್ತಾರೆ, ಅವರ ಜೊತೆ ಜಗಳ ಬೇಡ. ಮಾವನವರನ್ನು ಕೂರಿಸಿಕೊಂಡು ಇಷ್ಟು ಹೇಳಿ: ಆಕ್ಸಿಜನ್ ಚಟ ಹಿಡಿಸುವ ವಸ್ತು ಅಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಶೇ 21ರಷ್ಟು ಅದು ಇದೆ. ಕೂಸಿನ ಶ್ವಾಸಕೋಶ ಇನ್ನೂ ಪೂರ್ತಿ ಬೆಳೆದಿಲ್ಲ, ಬೆಳೆದಷ್ಟರಲ್ಲೂ ಗಾಯ ಆಗಿದೆ, ಅದಕ್ಕೇ ಬರೀ ಗಾಳಿಯಿಂದ ಸಾಕಾಗುವಷ್ಟು ಎಳೆದುಕೊಳ್ಳಲು ಆಗುತ್ತಿಲ್ಲ. ಈ ಸ್ಥಿತಿಗೆ ನಾವು ಬಿಪಿಡಿ ಅನ್ನುತ್ತೇವೆ, ಪೂರ್ತಿ ಹೆಸರು ಬ್ರಾಂಕೋ ಪಲ್ಮನರಿ ಡಿಸ್‌ಪ್ಲೇಸಿಯಾ, ನಿಮ್ಮ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆದಿರುತ್ತಾರೆ. ಒಳ್ಳೆಯ ವಿಷಯ ಏನಂದರೆ, ಹುಟ್ಟಿದ ಮೇಲೂ ಶ್ವಾಸಕೋಶದಲ್ಲಿ ಹೊಸ ಗಾಳಿಗೂಡುಗಳು ಮೂಡುತ್ತಲೇ ಇರುತ್ತವೆ, ಮೊದಲ ಎರಡು ವರ್ಷ ಅಂತೂ ಜೋರಾಗಿ. ಅವು ಬೆಳೆದ ಹಾಗೆ ಆಕ್ಸಿಜನ್ ಬೇಕಾಗುವುದು ಕಡಿಮೆ ಆಗುತ್ತಾ ಬರುತ್ತದೆ. ಮನೆಗೆ ಆಕ್ಸಿಜನ್ ಜೊತೆ ಹೋದ ಮಕ್ಕಳಲ್ಲಿ ಬಹಳಷ್ಟು ಜನ ಒಂದೆರಡು ವರ್ಷದೊಳಗೆ ಅದನ್ನು ಬಿಡುತ್ತಾರೆ.

ಇದಕ್ಕೂ ಹೃದಯಕ್ಕೂ ಏನು ಸಂಬಂಧ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಇದು ಅರ್ಥವಾದರೆ ನಿಮಗೆ ಯಾರು ಏನೇ ಹೇಳಿದರೂ ಧೈರ್ಯ ಇರುತ್ತದೆ. ಮೈಯಲ್ಲಿ ಬೇರೆ ಕಡೆ ಆಕ್ಸಿಜನ್ ಕಡಿಮೆ ಆದರೆ ಅಲ್ಲಿನ ರಕ್ತನಾಳ ಹಿಗ್ಗುತ್ತದೆ, ಜಾಸ್ತಿ ರಕ್ತ ಬರಲಿ ಅಂತ. ಶ್ವಾಸಕೋಶದಲ್ಲಿ ಮಾತ್ರ ಉಲ್ಟಾ. ಅಲ್ಲಿ ಆಕ್ಸಿಜನ್ ಕಡಿಮೆ ಆದರೆ ರಕ್ತನಾಳ ಕುಗ್ಗುತ್ತದೆ. ಹೊಲಕ್ಕೆ ನೀರು ಹಾಯಿಸುವಾಗ ಬೆಳೆ ಇಲ್ಲದ ಮಡಿಯ ಬಾಯಿ ಕಟ್ಟಿ ಬೆಳೆ ಇರುವ ಮಡಿಗೆ ನೀರು ತಿರುಗಿಸುತ್ತೀರಲ್ಲ, ಹಾಗೆ ಗಾಳಿ ಬಾರದ ಭಾಗಕ್ಕೆ ರಕ್ತ ಸುಮ್ನೆ ಹೋಗದಿರಲಿ ಅಂತ ಮೈ ಮಾಡಿಕೊಂಡ ವ್ಯವಸ್ಥೆ ಅದು. ಒಂದು ಮೂಲೆಯಲ್ಲಿ ಹಾಗಾದರೆ ಒಳ್ಳೆಯದೇ. ಆದರೆ ಇಡೀ ಶ್ವಾಸಕೋಶದಲ್ಲೇ ಆಕ್ಸಿಜನ್ ಕಡಿಮೆ ಇದ್ದರೆ ಎಲ್ಲ ನಾಳಗಳೂ ಒಟ್ಟಿಗೆ ಬಿಗಿಯುತ್ತವೆ. ಆಗ ಹೃದಯದ ಬಲಭಾಗ, ಅಂದರೆ ಶ್ವಾಸಕೋಶಕ್ಕೆ ರಕ್ತ ತಳ್ಳುವ ಭಾಗ, ಆ ಬಿಗಿಯ ಎದುರು ಹಗಲೂ ರಾತ್ರಿ ತಳ್ಳಬೇಕಾಗುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ನಾಳಗಳ ಗೋಡೆ ದಪ್ಪ ಆಗಿ ಅಲ್ಲೇ ಗಟ್ಟಿಯಾಗುತ್ತದೆ, ಬಲಭಾಗ ಊದಿಕೊಂಡು ಸೋಲಲು ಶುರುವಾಗುತ್ತದೆ. ಇದೇ ಪಲ್ಮನರಿ ಹೈಪರ್‌ಟೆನ್ಷನ್. ಕೈಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಬೇರೆ, ಇದು ಬೇರೆ. ಪಟ್ಟಿಯಲ್ಲಿ ಇದು ಸಿಗುವುದಿಲ್ಲ, ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ ಸಿಗುತ್ತದೆ. ಬಿಪಿಡಿ ಇರುವ ಕೂಸಿನ ಜೀವಕ್ಕೆ ಕುತ್ತು ತರುವ ದೊಡ್ಡ ತೊಂದರೆಗಳಲ್ಲಿ ಇದೂ ಒಂದು.

ಈ ನಾಳಗಳನ್ನು ಸಡಿಲಿಸುವ ಮೊದಲ ಔಷಧ ಯಾವುದು ಗೊತ್ತಾ? ಆಕ್ಸಿಜನ್ನೇ. ನಿಮ್ಮ ಮನೆಯಲ್ಲಿ ಕಾಲು ಲೀಟರಿನಲ್ಲಿ ಹರಿಯುತ್ತಿರುವುದು ಕೂಸಿನ ಉಸಿರಿಗೆ ಎಷ್ಟು ಬೇಕೋ ಹೃದಯಕ್ಕೂ ಅಷ್ಟೇ ಬೇಕು.

ಹಾಗಂತ ಜಾಸ್ತಿ ಕೊಟ್ಟರೆ ಜಾಸ್ತಿ ಒಳ್ಳೆಯದು ಅಂತಲೂ ಅಲ್ಲ. ನಿಮ್ಮ ಮಾವನವರ ಹೆದರಿಕೆಯಲ್ಲಿ ಪೂರ್ತಿ ಸುಳ್ಳಿಲ್ಲದ ಭಾಗ ಇದು, ಹಾಗಾಗಿ ಬಚ್ಚಿಡುವುದಿಲ್ಲ. 1940ರ ದಶಕದಲ್ಲಿ ಅಮೆರಿಕ, ಯುರೋಪಿನ ದೊಡ್ಡ ಆಸ್ಪತ್ರೆಗಳಲ್ಲಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಧಾರಾಳವಾಗಿ ಆಕ್ಸಿಜನ್ ಬಿಟ್ಟರು. ಮಕ್ಕಳು ಉಳಿದರು, ಆದರೆ ಕಣ್ಣು ಹೋಯಿತು. ಸುಮಾರು 10,000 ಮಕ್ಕಳು ಹಾಗೆ ಕುರುಡಾದರು ಅನ್ನುವ ಅಂದಾಜಿದೆ. 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಪ್‌ಬೆಲ್ ಅನ್ನುವ ಮಕ್ಕಳ ವೈದ್ಯೆ ಇದಕ್ಕೆ ಆಕ್ಸಿಜನ್ನೇ ಕಾರಣ ಇರಬಹುದು ಅಂತ ಬರೆದರು, ಮುಂದೆ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ ಅದು ನಿಜ ಅಂತ ಗೊತ್ತಾಯಿತು. ಆಮೇಲೆ ಎಲ್ಲರೂ ಹೆದರಿ ಆಕ್ಸಿಜನ್ನನ್ನು ವಿಪರೀತ ಕಡಿಮೆ ಮಾಡಿದರು. ಕಣ್ಣು ಉಳಿದವು, ಸಾವು ಹೆಚ್ಚಿತು. ಈ ಎರಡು ತುದಿಗಳ ನಡುವೆ ಸರಿಯಾದ ಜಾಗ ಎಲ್ಲಿದೆ ಅಂತ ತಿಳಿಯಲು ಎಷ್ಟೋ ದಶಕ ಬೇಕಾಯಿತು. 28 ವಾರಕ್ಕಿಂತ ಮುಂಚೆ ಹುಟ್ಟಿದ ಸುಮಾರು 5,000 ಮಕ್ಕಳ ಐದು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಲೆಕ್ಕ ಹಾಕಿದಾಗ, ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟು ತುಂಬಿದೆ ಅನ್ನುವ ಅಂಕಿ, 85ರಿಂದ 89ರೊಳಗೆ ಇಟ್ಟ ಗುಂಪಿನಲ್ಲಿ ಕಣ್ಣಿನ ತೊಂದರೆ ಕಡಿಮೆ ಇತ್ತು, ಆದರೆ ಸಾವು ಜಾಸ್ತಿ ಇತ್ತು. 91ರಿಂದ 95ರ ಗುಂಪಿನಲ್ಲಿ ಹೆಚ್ಚು ಮಕ್ಕಳು ಬದುಕಿದರು. ಎನ್‌ಐಸಿಯುನಲ್ಲಿ ನಿಮ್ಮ ಮಗನ ಕಾಲಿಗೆ ಕಟ್ಟಿದ್ದ ಕೆಂಪು ಲೈಟಿನ ಪಟ್ಟಿ, ಆಗಾಗ ಬಡಿದುಕೊಳ್ಳುತ್ತಿದ್ದ ಅಲಾರಂ, ನರ್ಸ್ ಬಂದು ಗುಂಡಿ ತಿರುಗಿಸುವುದು, ಎಲ್ಲ ಈ ಸಣ್ಣ ಅಂತರದೊಳಗೆ ಇಡಲಿಕ್ಕೆ.

ಜಾಸ್ತಿ ಆಕ್ಸಿಜನ್ ರಕ್ತನಾಳಗಳಿಗೂ ಒಳ್ಳೆಯದಲ್ಲ ಅಂತ ಪ್ರಾಣಿಗಳಲ್ಲಿ ನೋಡಿದ್ದಾರೆ. ಆಗ ತಾನೇ ಹುಟ್ಟಿದ ಇಲಿಮರಿಗಳನ್ನು ಶೇ 80ರ ಆಕ್ಸಿಜನ್ನಿನಲ್ಲಿ ಕೆಲವು ದಿನ ಇಟ್ಟರೆ ಅವು ದೊಡ್ಡವಾದ ಮೇಲೆ ಬಿಪಿ ಏರುತ್ತದೆ, ಮೂತ್ರಪಿಂಡದಲ್ಲಿ ಸೋಸುವ ಘಟಕಗಳು ಕಡಿಮೆ ಇರುತ್ತವೆ. ಗರ್ಭದಲ್ಲಿ ಕೂಸು ನಮಗಿಂತ ಬಹಳ ಕಡಿಮೆ ಆಕ್ಸಿಜನ್ನಿನಲ್ಲೇ ಬೆಳೆಯುತ್ತದೆ, ಜಾಸ್ತಿ ಆಕ್ಸಿಜನ್ನಿನ ಹಾನಿ ತಡೆಯುವ ಶಕ್ತಿ ಅದಕ್ಕೆ ಕೊನೆಯ ವಾರಗಳಲ್ಲಿ ಬರುತ್ತದೆ, 28 ವಾರಕ್ಕೆ ಹೊರಗೆ ಬಂದರೆ ಆ ಶಕ್ತಿ ಇನ್ನೂ ಇರುವುದಿಲ್ಲ. ಆದರೆ ನಿಮ್ಮ ಮಗ ಈಗ ಇಲಿಯೂ ಅಲ್ಲ, 28 ವಾರದ ಕೂಸೂ ಅಲ್ಲ. ಈಗ ಅವನಿಗೆ ಬೇಕಿರುವುದು ಸ್ಯಾಚುರೇಷನ್ 93ರ ಆಸುಪಾಸಿನಿಂದ ಕೆಳಗೆ ಇಳಿಯದಂತೆ ನೋಡಿಕೊಳ್ಳುವುದು, ನಿಮ್ಮ ಡಾಕ್ಟರ್ ಬರೆದುಕೊಟ್ಟ ಅಂಕಿ ಯಾವುದೋ ಅದೇ ನಿಮ್ಮ ಗುರಿ. ಎಚ್ಚರ ಇದ್ದಾಗ ಮಾತ್ರ ನೋಡಿದರೆ ಸಾಲದು. ನಿದ್ದೆಯಲ್ಲಿ, ಹಾಲು ಕುಡಿಯುವಾಗ ಇಳಿಯುವುದು ಹೆಚ್ಚು.

ಇನ್ನು ಸ್ಟೀರಾಯ್ಡ್. ಇಲ್ಲಿ ಎಲ್ಲರೂ ಎರಡು ಬೇರೆ ವಿಷಯಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಾರೆ. ಹೆರಿಗೆಗೆ ಮುಂಚೆ ತಾಯಿಗೆ ಕೊಡುವುದು ಒಂದು. ಹುಟ್ಟಿದ ಮೇಲೆ ಕೂಸಿಗೇ ಕೊಡುವುದು ಇನ್ನೊಂದು. ಔಷಧ ಒಂದೇ ಇರಬಹುದು, ಲೆಕ್ಕ ಒಂದೇ ಅಲ್ಲ.

ಮೊದಲನೆಯದರ ಕಥೆ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಶುರುವಾಯಿತು. ಗ್ರಹಾಂ ಲಿಗಿನ್ಸ್ ಅನ್ನುವ ವೈದ್ಯರು ಕುರಿಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ಸ್ಟೀರಾಯ್ಡ್ ಸಿಕ್ಕಿದ್ದ ಮರಿಗಳು ತುಂಬಾ ಮುಂಚೆ ಹುಟ್ಟಿದರೂ ಉಸಿರಾಡುವುದನ್ನು ಕಂಡರು. ಶ್ವಾಸಕೋಶದ ಗೂಡುಗಳು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಅನ್ನುವ ಜಿಡ್ಡಿನಂಥ ವಸ್ತು ಬೇಗ ತಯಾರಾಗಿತ್ತು. ಅವರು ಮತ್ತು ರಾಸ್ ಹೋವಿ ಸೇರಿ ಗರ್ಭಿಣಿಯರಲ್ಲಿ ಪರೀಕ್ಷೆ ಮಾಡಿ 1972ರಲ್ಲಿ ಪ್ರಕಟಿಸಿದರು, ಉಸಿರಿನ ತೊಂದರೆಯೂ ಕಡಿಮೆ ಆಯಿತು, ಸಾವೂ ಕಡಿಮೆ ಆಯಿತು. ನಿಮ್ಮ ಸಂಬಂಧಿಕರಿಗೆ ಹೇಳಬೇಕಾದ ಮಾತು ಇಲ್ಲಿದೆ. ಅದೇ ಮಕ್ಕಳನ್ನು ಅವರಿಗೆ 30 ವರ್ಷ ಆದಾಗ ಮತ್ತೆ ಕರೆದು ನೋಡಿದರು. ಬಿಪಿ, ಕೊಲೆಸ್ಟ್ರಾಲ್, ಹೃದಯದ ಕಾಯಿಲೆ, ಯಾವುದರಲ್ಲೂ ಇಂಜೆಕ್ಷನ್ ಸಿಕ್ಕವರಿಗೂ ಸಿಗದವರಿಗೂ ವ್ಯತ್ಯಾಸ ಇರಲಿಲ್ಲ, ಇನ್ಸುಲಿನ್ ಕೆಲಸ ಮಾಡುವ ರೀತಿಯಲ್ಲಿ ಮಾತ್ರ ಸಣ್ಣ ಬದಲಾವಣೆ ಕಂಡಿತು. 50 ವರ್ಷಕ್ಕೆ ಮತ್ತೆ ನೋಡಿದರು. ಆಗಲೂ ಹೃದಯದ ಅಪಾಯ ಹೆಚ್ಚಿರಲಿಲ್ಲ. ಹುಟ್ಟುವ ಮುಂಚಿನ ಒಂದು ಔಷಧದ ಪರಿಣಾಮವನ್ನು ಅರ್ಧ ಶತಮಾನ ಹಿಂಬಾಲಿಸಿ ನೋಡಿದ ಉದಾಹರಣೆ ವೈದ್ಯಕೀಯದಲ್ಲೇ ಅಪರೂಪ. 30 ವರ್ಷಕ್ಕೆ ಹಾರ್ಟ್ ಅಟ್ಯಾಕ್ ಅನ್ನುವ ಮಾತಿಗೆ ಇದಕ್ಕಿಂತ ನೇರ ಉತ್ತರ ನನ್ನ ಹತ್ತಿರ ಇಲ್ಲ. ಆದ್ದರಿಂದ ನಿಮಗೆ ಕೊಟ್ಟ ಇಂಜೆಕ್ಷನ್ ಬಗ್ಗೆ ಮನಸ್ಸಿನಲ್ಲಿರುವ ಅಪರಾಧದ ಭಾವ ಇವತ್ತೇ ಬಿಟ್ಟುಬಿಡಿ. ಅದು ಇಲ್ಲದಿದ್ದರೆ 1 ಕಿಲೋದ ಕೂಸು ಮೊದಲ ವಾರ ದಾಟುವುದೇ ಇನ್ನೂ ಕಷ್ಟ ಇತ್ತು.

ಎರಡನೆಯದು, ಕೂಸಿಗೇ ಕೊಟ್ಟ ಡೆಕ್ಸಾ, ಸ್ವಲ್ಪ ಜಟಿಲ. 1980ರ ಕೊನೆಗೆ, 1990ರ ದಶಕದಲ್ಲಿ ಬೇರೆ ದೇಶಗಳಲ್ಲಿ ಇದನ್ನು ದೊಡ್ಡ ಡೋಸಿನಲ್ಲಿ, ಕೆಲವರಿಗೆ 42 ದಿನದವರೆಗೂ, ಹುಟ್ಟಿದ ಮೊದಲ ವಾರದಿಂದಲೇ ಕೊಟ್ಟರು. ವೆಂಟಿಲೇಟರ್ ಬೇಗ ಬಿಡುತ್ತಿತ್ತು, ಎಲ್ಲರಿಗೂ ಖುಷಿ. ಆಮೇಲೆ ಆ ಮಕ್ಕಳು ನಡೆಯುವ ವಯಸ್ಸಿಗೆ ಬಂದಾಗ ಸೆರಿಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಹಾನಿಯಿಂದ ಕೈಕಾಲು ಸ್ವಾಧೀನ ತಪ್ಪುವ ತೊಂದರೆ, ಜಾಸ್ತಿ ಕಂಡಿತು. 2002ರಲ್ಲಿ ಅಮೆರಿಕ ಮತ್ತು ಕೆನಡಾದ ಮಕ್ಕಳ ವೈದ್ಯರ ಸಂಘಗಳು ಇದನ್ನು ಸುಮ್ನೆ ಎಲ್ಲರಿಗೂ ಕೊಡಬೇಡಿ ಅಂತ ಹೇಳಿದವು. ಈಗ ಕೊಡುವುದು ಡಾರ್ಟ್ ಅನ್ನುವ ಪರೀಕ್ಷೆಯಲ್ಲಿ ಬಳಸಿದ ಸಣ್ಣ ಡೋಸು: ದಿನಕ್ಕೆ ಕಿಲೋಗೆ 0.15 ಮಿಲಿಗ್ರಾಂನಿಂದ ಶುರು, ಇಳಿಸುತ್ತಾ 10 ದಿನಕ್ಕೆ ಮುಗಿಸುವುದು. ಹಳೆಯ ಡೋಸು ಇದರ ಮೂರು ಪಟ್ಟಿಗೂ ಮೇಲಿತ್ತು. ನಿಮ್ಮ ಮಗನಿಗೆ 10 ದಿನ ಅಂದಿದ್ದೀರಿ, ಬಹುಶಃ ಇದೇ ಇರಬೇಕು, ಡಿಸ್ಚಾರ್ಜ್ ಕಾರ್ಡ್ ನೋಡಿದರೆ ಖಚಿತ ಆಗುತ್ತದೆ.

ಯಾರಿಗೆ ಕೊಟ್ಟರೆ ಲಾಭ ಅನ್ನುವುದೂ ಈಗ ಚೆನ್ನಾಗಿ ಗೊತ್ತಿದೆ. ತಾನಾಗೇ ಸುಧಾರಿಸುವ ಕೂಸಿಗೆ ಕೊಟ್ಟರೆ ಹಾನಿಯ ತಕ್ಕಡಿ ಭಾರ. ವಾರಗಟ್ಟಲೆ ವೆಂಟಿಲೇಟರಿನಲ್ಲಿ ಸಿಕ್ಕಿಹಾಕಿಕೊಂಡ, ಶ್ವಾಸಕೋಶ ಕೆಡುತ್ತಲೇ ಇರುವ ಕೂಸಿಗೆ ಕೊಟ್ಟರೆ ಲಾಭ ಮೇಲು, ಯಾಕಂದರೆ ವೆಂಟಿಲೇಟರ್ ಮೇಲೆ ಇನ್ನೂ ಇರುವುದೇ ಮೆದುಳಿಗೂ ಶ್ವಾಸಕೋಶಕ್ಕೂ ಕೆಟ್ಟದ್ದು. ಮೂರು ವಾರ ಕಾದು, ಬೇರೆ ದಾರಿ ಕಾಣದೆ ಕೊಟ್ಟ ನಿಮ್ಮ ಡಾಕ್ಟರರ ನಿರ್ಧಾರ ನನ್ನ ಕಣ್ಣಿಗೆ ಸರಿಯಾಗೇ ಕಾಣುತ್ತದೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆಗ ಬಿಪಿ ಏರಿದ್ದು, ಹೃದಯದ ಗೋಡೆ ದಪ್ಪ ಆಗಿದ್ದು ಈ ಔಷಧದ ಗೊತ್ತಿರುವ ಪರಿಣಾಮಗಳು. ಸಕ್ಕರೆಯೂ ಏರುತ್ತದೆ, ತೂಕ ಆ ದಿನಗಳಲ್ಲಿ ಏರುವುದು ನಿಲ್ಲುತ್ತದೆ. ಔಷಧ ನಿಲ್ಲಿಸಿದ ಕೆಲವು ವಾರಗಳಲ್ಲಿ ಗೋಡೆಯ ದಪ್ಪ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಅದು ಇಳಿದಿದೆಯೇ ಅಂತ ಎಕೋದಲ್ಲಿ ಒಮ್ಮೆ ನೋಡಿ ಬರೆಸಿಕೊಳ್ಳಿ, ಬರೀ ಬಾಯಿಮಾತಿಗೆ ಬಿಡಬೇಡಿ. ಅದೇ ಎಕೋದಲ್ಲಿ ಬಲಭಾಗದ ಒತ್ತಡವನ್ನೂ ನೋಡಲು ಹೇಳಿ. ಇದಕ್ಕೆ ಬೆಂಗಳೂರು, ಹೈದರಾಬಾದಿಗೆ ಓಡಬೇಕಾಗಿಲ್ಲ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ನಿಮ್ಮ ಮಕ್ಕಳ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು, ಸಣ್ಣ ಮಕ್ಕಳ ಎಕೋ ಯಾವ ದಿನ ಮಾಡುತ್ತಾರೆ ಅಂತ ಮೊದಲೇ ವಿಚಾರಿಸಿ ಹೋಗಿ. ದಾರಿಗೆ ಸಿಲಿಂಡರ್ ತಪ್ಪದೆ ಇರಲಿ.

ದೂರದ ಭವಿಷ್ಯದ ಮಾತು. ಹೊಸದಾಗಿ ಹುಟ್ಟಿದ ಇಲಿಗಳಿಗೆ ಡೆಕ್ಸಾ ಕೊಟ್ಟಾಗ ಹೃದಯದ ಜೀವಕೋಶಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಇರುವವು ದೊಡ್ಡದಾಗಿ, ಇಲಿಯ ಆಯುಷ್ಯ ಕಡಿಮೆ ಆಗಿದ್ದು ನಿಜ. ಇಂಥ ಸುದ್ದಿಯೇ ಬಾಯಿಂದ ಬಾಯಿಗೆ ಹೋಗಿ ನಿಮ್ಮ ಮನೆಯವರೆಗೆ ಬಂದಿರಬೇಕು. ಮನುಷ್ಯರಲ್ಲಿ ಏನು ಕಂಡಿದೆ? ಡೆಕ್ಸಾ ಕೊಟ್ಟ ಮಕ್ಕಳನ್ನೂ ಕೊಡದವರನ್ನೂ 13ರಿಂದ 17 ವರ್ಷದವರೆಗೆ ನೋಡಿದ ಒಂದು ಪರೀಕ್ಷೆಯಲ್ಲಿ ಬಿಪಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಸ್ಟೀರಾಯ್ಡಿಗಿಂತ ಎದ್ದು ಕಾಣುವುದು ಅವಧಿಗೆ ಮುಂಚೆ ಹುಟ್ಟಿದ್ದೇ. ಹಾಗೆ ಹುಟ್ಟಿದವರು ದೊಡ್ಡವರಾದಾಗ ಮೇಲಿನ ಬಿಪಿ ಸರಾಸರಿ 3ರಿಂದ 4 ಅಂಕಿ ಜಾಸ್ತಿ ಇರುತ್ತದೆ. ಹೃದಯದ ಆಕಾರ, ಗೋಡೆಯ ದಪ್ಪದಲ್ಲಿ ಸ್ವಲ್ಪ ವ್ಯತ್ಯಾಸ ಇರುತ್ತದೆ. ಮೂತ್ರಪಿಂಡದಲ್ಲಿ ಹೊಸ ಸೋಸುವ ಘಟಕಗಳು ಗರ್ಭದ 36ನೇ ವಾರದ ಸುಮಾರಿಗೆ ಮೂಡುವುದು ಮುಗಿಯುತ್ತದೆ, 28ಕ್ಕೆ ಹೊರಬಂದ ಕೂಸಿಗೆ ಆ ಕೊನೆಯ ವಾರಗಳು ಸಿಕ್ಕಿರುವುದಿಲ್ಲ. 3–4 ಅಂಕಿ ಅಂದರೆ ಹೆದರುವಷ್ಟು ಅಲ್ಲ, ಆದರೆ ಅದರ ಮೇಲೆ ತಂಬಾಕು, ಬೊಜ್ಜು, ಉಪ್ಪು ಸೇರಿದರೆ ಬೆಳೆಯುತ್ತದೆ. ನಿಮ್ಮ ಕೈಯಲ್ಲಿರುವುದು ಅದು.

ಹಾಗಾಗಿ ಈ ಮಗನ ಬಿಪಿ ನೋಡಿಸಿ. ಸಣ್ಣ ಮಕ್ಕಳ ಬಿಪಿ ನೋಡುವುದು ನಮ್ಮ ಕಡೆ ಇನ್ನೂ ರೂಢಿಗೆ ಬಂದಿಲ್ಲ, ಇದು ನನಗೆ ನಿಜವಾಗಿ ಬೇಸರ ತರಿಸುವ ವಿಷಯ. 32 ವಾರಕ್ಕೆ ಮುಂಚೆ ಹುಟ್ಟಿದ ಮಗುವಿಗೆ ಮೂರು ವರ್ಷ ಆಗುವವರೆಗೆ ಪ್ರತಿ ತಪಾಸಣೆಯಲ್ಲೂ ಬಿಪಿ ನೋಡಬೇಕು, ಆಮೇಲೆ ವರ್ಷಕ್ಕೊಮ್ಮೆ ಆದರೂ. ಬಿಪಿಡಿ ಇರುವ ಕೂಸುಗಳಲ್ಲಿ ಮನೆಗೆ ಹೋದ ಮೇಲಿನ ತಿಂಗಳುಗಳಲ್ಲೇ ಬಿಪಿ ಏರುವುದುಂಟು, ಹೊಕ್ಕುಳಲ್ಲಿ ನಳಿಗೆ ಹಾಕಿದ್ದ ಮಕ್ಕಳಲ್ಲಿ ಇನ್ನೂ ಜಾಸ್ತಿ. ನೋಡುವಾಗ ಕೂಸು ಅಳುತ್ತಿರಬಾರದು, ಬಲಗೈಗೆ ಕಟ್ಟಬೇಕು, ಪಟ್ಟಿ ಅದರ ಕೈಗೆ ಸರಿಹೋಗುವ ಅಳತೆಯದಾಗಿರಬೇಕು. ಪಟ್ಟಿ ಸಣ್ಣದಾದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಸಣ್ಣ ಪಟ್ಟಿ ಇಲ್ಲ ಅಂದರೆ ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯುನಲ್ಲಿ, ಅಂದರೆ ಕಾಯಿಲೆ ಇರುವ ಹಸುಗೂಸುಗಳ ವಿಭಾಗದಲ್ಲಿ, ಕೇಳಿ. ಜಿಲ್ಲಾ ಆಸ್ಪತ್ರೆಯಲ್ಲೇ ಡಿಇಐಸಿ ಅನ್ನುವ ವಿಭಾಗ ಇರುತ್ತದೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ. ಬೆಳವಣಿಗೆ, ಕಿವಿ, ಕಣ್ಣು ಎಲ್ಲ ಅಲ್ಲಿ ನೋಡುತ್ತಾರೆ. ಕಣ್ಣಿನ ಪರದೆಯ ತಪಾಸಣೆ ಆಗಿ, ಇನ್ನು ಬರಬೇಕಾಗಿಲ್ಲ ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರಾ ಒಮ್ಮೆ ನೋಡಿ, ಬರೆದಿಲ್ಲದಿದ್ದರೆ ಈ ವಾರವೇ ಹೋಗಿ.

ಸ್ಟೀರಾಯ್ಡ್ ಬಗ್ಗೆ ನನಗೆ ಕೋಪ ಬರುವ ಜಾಗ ಬೇರೆ ಇದೆ. ಕೆಮ್ಮು, ಜ್ವರ ಅಂತ ಹಳ್ಳಿಯಲ್ಲಿ ಕೂಸನ್ನು ಕರೆದುಕೊಂಡು ಹೋದರೆ ತೊಡೆಗೆ ಒಂದು ಇಂಜೆಕ್ಷನ್ ಹಾಕಿಬಿಡುವವರಿದ್ದಾರೆ, ಅದರಲ್ಲಿ ಎಷ್ಟೋ ಸಲ ಡೆಕ್ಸಾ ಇರುತ್ತದೆ. ಸಂಜೆಯೊಳಗೆ ಜ್ವರ ಇಳಿಯುತ್ತದೆ, ಎಲ್ಲರೂ ಕೈಗುಣ ಒಳ್ಳೆಯದು ಅಂತಾರೆ. ಇದು ಬೇಡ, ತಂಗಿ. ನಿಮ್ಮ ಮಗನಿಗೆ ಕಾಗದದ ಮೇಲೆ ಹೆಸರು ಬರೆಯದ ಯಾವ ಇಂಜೆಕ್ಷನ್ನೂ ಹಾಕಿಸಬೇಡಿ. ಎನ್‌ಐಸಿಯುನಲ್ಲಿ ದಿನವೂ ಬಿಪಿ, ಸಕ್ಕರೆ ನೋಡುತ್ತಾ ಕೊಟ್ಟ 10 ದಿನದ ಔಷಧಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಈಗ ಮನೆಯ ಆಕ್ಸಿಜನ್. ಮಷೀನ್, ಅಂದರೆ ಕಾನ್ಸಂಟ್ರೇಟರ್, ಗೋಡೆಗೆ ಒತ್ತಿಕೊಂಡು ಇರಬಾರದು, ಹಿಂದೆ ಒಂದು ಅಡಿಯಾದರೂ ಜಾಗ ಬಿಡಿ. ಬಹಳಷ್ಟು ಮಷೀನುಗಳು 40 ಡಿಗ್ರಿಯವರೆಗೆ ಮಾತ್ರ ಸರಿಯಾಗಿ ನಡೆಯುವಂತೆ ಮಾಡಿರುತ್ತಾರೆ, ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ತಗಡಿನ ಕೋಣೆ ಅದಕ್ಕಿಂತ ಮೇಲೇ ಇರುತ್ತದೆ. ತಂಪಾದ ಒಳಕೋಣೆಯಲ್ಲಿ ಇಡಿ. ನಿಮ್ಮ ಕಡೆ ಸಿಮೆಂಟ್ ಕಾರ್ಖಾನೆ, ಕಲ್ಲುಗಣಿಗಳ ಧೂಳು ಜಾಸ್ತಿ, ಹಾಗಾಗಿ ಮಷೀನಿನ ಹೊರಗಿನ ಫಿಲ್ಟರ್ ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಕರೆಂಟ್ ಹೋದಾಗಿನ ವ್ಯವಸ್ಥೆ ಮೊದಲೇ ಇರಬೇಕು. 5 ಲೀಟರಿನ ಮಷೀನ್ ಸುಮಾರು 300–350 ವ್ಯಾಟ್ ಎಳೆಯುತ್ತದೆ, ಒಳ್ಳೆಯ ಇನ್ವರ್ಟರ್ ಇದ್ದರೆ ಕೆಲವು ಗಂಟೆ ನಡೆಯುತ್ತದೆ. ಅದಕ್ಕಿಂತ ನನಗೆ ನಂಬಿಕೆ ಸಿಲಿಂಡರ್ ಮೇಲೆ. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ, ನಿಮಿಷಕ್ಕೆ ಕಾಲು ಲೀಟರ್ ಅಂದರೆ ಲೆಕ್ಕಕ್ಕೆ 100 ಗಂಟೆ ಬರುತ್ತದೆ. ಆದರೆ ದೊಡ್ಡವರ ಫ್ಲೋಮೀಟರಿನಲ್ಲಿ, ಅಂದರೆ ಆಕ್ಸಿಜನ್ ಎಷ್ಟು ಹರಿಯಬೇಕು ಅಂತ ಇಡುವ ಮೀಟರಿನಲ್ಲಿ, ಕಾಲು ಲೀಟರ್ ಸರಿಯಾಗಿ ಇಡಲು ಬರುವುದಿಲ್ಲ, ಮಕ್ಕಳ ಫ್ಲೋಮೀಟರನ್ನೇ ಕೇಳಿ ತೆಗೆದುಕೊಳ್ಳಿ.

ಬೆಂಕಿಯ ವಿಷಯ ಒತ್ತಿ ಹೇಳುತ್ತೇನೆ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವುದು, ಸ್ನಾನ ಆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಿಡಿಯುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದದ್ದು. ಆಕ್ಸಿಜನ್ ಇರುವ ಕೋಣೆಯಲ್ಲಿ ಕೆಂಡ, ದೀಪ, ಊದುಬತ್ತಿ, ಬೀಡಿ ಯಾವುದೂ ಇರಬಾರದು. ಆಕ್ಸಿಜನ್ ತಾನು ಉರಿಯುವುದಿಲ್ಲ, ಉಳಿದದ್ದನ್ನು ಧಗ್ ಅಂತ ಉರಿಸುತ್ತದೆ. ಆ ಹೊಗೆ ಈ ಶ್ವಾಸಕೋಶಕ್ಕೆ ವಿಷವೇ. ಎಣ್ಣೆ ತಿಕ್ಕುವಾಗ ಮೂಗಿನ ಹತ್ತಿರ, ನಳಿಗೆ ಅಂಟಿಸಿರುವ ಕೆನ್ನೆಗೆ ಹಚ್ಚಬೇಡಿ, ವ್ಯಾಸಲಿನ್ ಕೂಡ ಬೇಡ.

ಆಕ್ಸಿಜನ್ ಬಿಡಿಸುವುದು ಯಾವಾಗ? ತೂಕ ಏರುತ್ತಿರಬೇಕು, ಎಕೋ ಸರಿ ಇರಬೇಕು, ಡಾಕ್ಟರ್ ಹಂತಹಂತವಾಗಿ ಇಳಿಸಬೇಕು. ಕಾಲು ಲೀಟರಿನಿಂದ ಇನ್ನೂ ಕಡಿಮೆಗೆ, ಆಮೇಲೆ ಹಗಲು ಸ್ವಲ್ಪ ಹೊತ್ತು ಬಿಟ್ಟು, ರಾತ್ರಿಯದು ಎಲ್ಲಕ್ಕಿಂತ ಕೊನೆಗೆ. ರಾತ್ರಿ ನಿದ್ದೆಯ ಪೂರ್ತಿ ಸ್ಯಾಚುರೇಷನ್ ದಾಖಲೆ ನೋಡಿದ ಮೇಲೆಯೇ ಅದನ್ನು ತೆಗೆಯಬೇಕು. ದೊಡ್ಡವರ ಬೆರಳಿಗೆ ಹಾಕುವ ಸಣ್ಣ ಮಷೀನ್ ಕೂಸಿನ ಕಾಲಿಗೆ ಸರಿಯಾಗಿ ಕೂರುವುದಿಲ್ಲ, ಮಕ್ಕಳ ಪ್ರೋಬ್ ಇರುವುದೇ ಬೇಕು. ಪಕ್ಕೆ ಒಳಗೆ ಎಳೆಯುವುದು, ಹಾಲು ಕುಡಿಯುತ್ತಾ ಬೆವರುವುದು, ತುಟಿ ನೀಲಿಯಾಗುವುದು, ತೂಕ ನಿಲ್ಲುವುದು, ಕಣ್ಣು–ಪಾದ ಊದುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ. ಆರು ತಿಂಗಳು ತುಂಬಿದ ಮೇಲೆ ಫ್ಲೂ ಲಸಿಕೆ ಹಾಕಿಸಿ. ಮನೆಯಲ್ಲಿ ನೆಗಡಿ ಆದವರು ಕೂಸಿನಿಂದ ದೂರ ಇರಲಿ.

ಇನ್ನು ನಾದಿನಿ. ಅವಳಿಗೆ ಈ ಕಾಗದ ಓದಿಸಿ. ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ, ಪಾಕಿಸ್ತಾನದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2,852 ಗರ್ಭಿಣಿಯರಲ್ಲಿ ಮಾಡಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆ ಇದೆ, ನಮ್ಮ ಬೆಳಗಾವಿಯ ತಾಯಂದಿರೂ ಅದರಲ್ಲಿದ್ದರು. ಡೆಕ್ಸಾ ಕೊಟ್ಟ ಗುಂಪಿನಲ್ಲಿ ಹುಟ್ಟಿದ ತಿಂಗಳೊಳಗಿನ ಸಾವು ಶೇ 19.6, ಕೊಡದ ಗುಂಪಿನಲ್ಲಿ ಶೇ 23.5. ಸುಮಾರು 25 ತಾಯಂದಿರಿಗೆ ಕೊಟ್ಟರೆ ಒಂದು ಕೂಸು ಜಾಸ್ತಿ ಉಳಿಯುತ್ತದೆ ಅಂದ ಹಾಗೆ. ಆದರೆ ಇನ್ನೊಂದು ಮಗ್ಗುಲೂ ಹೇಳಬೇಕು. 2015ರಲ್ಲಿ ಪ್ರಕಟವಾದ ಆರು ದೇಶಗಳ ಇನ್ನೊಂದು ಪರೀಕ್ಷೆಯಲ್ಲಿ, ಅದರಲ್ಲೂ ಬೆಳಗಾವಿ ಇತ್ತು, ಹಳ್ಳಿ ಮಟ್ಟದಲ್ಲಿ ಗರ್ಭದ ವಾರದ ಲೆಕ್ಕ ಸರಿಯಾಗಿ ಇಲ್ಲದೆ ವ್ಯಾಪಕವಾಗಿ ಕೊಟ್ಟಾಗ ಲಾಭ ಸಿಗಲಿಲ್ಲ, ಒಟ್ಟು ಸಾವು ಸ್ವಲ್ಪ ಜಾಸ್ತಿಯೇ ಆಯಿತು. ಅವಧಿ ತುಂಬಿ ಹುಟ್ಟಿದ ಮಕ್ಕಳಿಗೂ ತಾಯಿಯ ಮೂಲಕ ಔಷಧ ಸುಮ್ನೆ ಹೋಗಿತ್ತು. ಅಂದರೆ ಅವಳಿ ಅಂದ ಮಾತ್ರಕ್ಕೆ ಮುಂಚಿತವಾಗಿ ಚುಚ್ಚಿಸಿಕೊಳ್ಳುವ ಇಂಜೆಕ್ಷನ್ ಇದಲ್ಲ. 24ರಿಂದ 34 ವಾರದೊಳಗೆ, ಒಂದು ವಾರದಲ್ಲಿ ಹೆರಿಗೆ ಆಗಬಹುದು ಅನ್ನಿಸಿದಾಗ ಕೊಡುವುದು, 12 ಗಂಟೆಗೊಮ್ಮೆ 6 ಮಿಲಿಗ್ರಾಂ, ಒಟ್ಟು ನಾಲ್ಕು. ಆಗ ಬೇಡ ಅನ್ನಬಾರದು.

ಅವಳು ಮಾಡಬೇಕಾದದ್ದು ಇಷ್ಟು. ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿನ ಕಾಗದ ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಲಿ, ವಾರದ ಲೆಕ್ಕ ಅದರಿಂದಲೇ ಸರಿಯಾಗಿ ಸಿಗುವುದು. ಸೊಂಟನೋವು ಬಿಟ್ಟು ಬಿಟ್ಟು ಬಂದರೆ, ನೀರು ಹೋದರೆ, ರಕ್ತ ಕಂಡರೆ ತಕ್ಷಣ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಲಿ. ವಾರದ ಲೆಕ್ಕ ಸರಿ ಇದ್ದರೆ ಮೊದಲ ಡೋಸ್ ಅಲ್ಲಿಯ ಎಎನ್ಎಂ ಕೂಡ ಕೊಡಬಹುದು, ಸರ್ಕಾರದ ಅನುಮತಿ ಇದೆ. ಕೊಟ್ಟ ಗಂಟೆ ಬರೆಸಿಕೊಂಡು, ಎಸ್‌ಎನ್‌ಸಿಯು ಇರುವ ಆಸ್ಪತ್ರೆಗೆ ಹೊರಡಲಿ, ಕೂಸುಗಳು ಹೊಟ್ಟೆಯಲ್ಲಿ ಇರುವಾಗಲೇ.